ಜವಾರಿ ಶ್ರುತಿ

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಎಡಗಿವಿಯೊಳಗೆ ಒಂದು ಸದ್ದು ಬಂದು ಕೂತಿತು. ನೆಗಡಿ, ಜ್ವರ ಬಂದಿತ್ತು. ಜ್ವರ ಹೋಯಿತು, ಸದ್ದು ಹೋಗಲಿಲ್ಲ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸಣ್ಣಗೆ ಎಳೆಯುತ್ತದಲ್ಲ, ಅಂಥದ್ದೇ ಸದ್ದು. ಆದರೆ ಈ ಕುಕ್ಕರ್ ಸೀಟಿಯನ್ನೂ ಹೊಡೆಯುವುದಿಲ್ಲ, ಒಲೆಯಿಂದ ಇಳಿಯುವುದೂ ಇಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಐವತ್ತು ದಾಟಿದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದಕ್ಕೆ ಔಷಧವಿಲ್ಲ, ರೂಢಿ ಮಾಡಿಕೊಳ್ಳಿ ಎಂದರು. ಬಹಳ ಮೃದುವಾಗಿಯೇ ಹೇಳಿದರು. ನನಗೆ ಮಾತ್ರ ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯನ್ನು ಎತ್ತಿ ಎಸೆಯಬೇಕು ಅನ್ನಿಸಿತು.

ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಈ ಸದ್ದು ಬಂದ ಮೇಲಂತೂ ಗಂಡ, ಮಗಳು ಇಬ್ಬರೂ ನನ್ನ ಮುಖ ನೋಡಿಕೊಂಡು ಮಾತಾಡುವ ಹಾಗಾಯಿತು. ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ನನ್ನದು ನಕ್ಷೆಗಳನ್ನು ತಿದ್ದುವ ಕೆಲಸ. ಅಲ್ಲಿನ ಗಲಾಟೆಯಲ್ಲಿ ಕಿವಿಯ ಸದ್ದು ಮುಚ್ಚಿಹೋಗುತ್ತಿತ್ತು. ಸಂಜೆ ನಾವಿರುವ ಕೆನ್ಮೋರ್‌ಗೆ ಬಂದು ಮನೆಯ ಮುಂದೆ ಕಾರಿನ ಎಂಜಿನ್ ಆರಿಸಿದ ಕೂಡಲೇ ಅದು, ಬಂದೆಯಾ, ಅನ್ನುತ್ತಿತ್ತು. ಮಿಕ್ಸಿ ಹಾಕಿದರೂ ಬೈಗುಳ, ಹಾಕದಿದ್ದರೂ ಬೈಗುಳ. ಮನೆಯ ಹತ್ತಿರದ ಕೆರೆಯಲ್ಲಿ ತೇಲಿ, ನೀರಿನಿಂದಲೇ ಮೇಲೇಳುವ ಪುಟ್ಟ ವಿಮಾನಗಳನ್ನು ಇಷ್ಟು ವರ್ಷ ಮಗಳ ಜೊತೆ ನಿಂತು ನೋಡಿ ಖುಷಿಪಟ್ಟವಳು, ಈಗ ಕಿಟಕಿ ಮುಚ್ಚಿ ಶಪಿಸುತ್ತಿದ್ದೆ.

ಇದೆಲ್ಲ ಹೊರಗಿನ ಸಿಟ್ಟು. ಒಳಗಿನ ಸಂಕಟ ಬೇರೆಯೇ ಇತ್ತು. ನಾನು ಹಾಡುತ್ತೇನೆ. ಸಭೆ ಸಮಾರಂಭದಲ್ಲಿ ಹಾಡುವವಳಲ್ಲ, ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ತಂಬೂರಿ ಹಿಡಿದು ಕೂತು ಹಾಡುವವಳು. ಧಾರವಾಡದಲ್ಲಿ ಕಲಿಯುವಾಗ ನಮ್ಮ ಗುರುಗಳು ನನ್ನ ದನಿ ಕೇಳಿ, ‘ನಿಂದು ಕಾಳಿ ಐದು’ ಎಂದಿದ್ದರು. ಹಾರ್ಮೋನಿಯಮ್ಮಿನ ಐದನೇ ಕರಿ ಮನೆ ನನ್ನ ಷಡ್ಜ ಅಂತ ಅರ್ಥ. ಅಂದಿನಿಂದ ಅದು ನನ್ನ ಹುಟ್ಟಿದೂರಿನಷ್ಟೇ ಗಟ್ಟಿ. ಮೀರಜಿನಲ್ಲಿ ಮಾಡಿಸಿದ ತಂಬೂರಿಗೆ ವಿಮಾನದಲ್ಲಿ ಒಂದು ಸೀಟೇ ಕೊಂಡು ಅದನ್ನು ಈ ದೇಶಕ್ಕೆ ತಂದವಳು ನಾನು. ಈಗ ತಂಬೂರಿಯನ್ನು ಕಾಳಿ ಐದಕ್ಕೆ ಕೂಡಿಸಿ ಮೀಟಿದರೆ, ಕಿವಿಯೊಳಗಿನ ಸದ್ದು ಅದಕ್ಕೆ ಸೇರದೆ ಉಜ್ಜುತ್ತಿತ್ತು. ಬಾಯಿ ತೆರೆದರೆ ಯಾವ ಷಡ್ಜ ಹಿಡಿಯಬೇಕೆಂದು ಗಂಟಲಿಗೇ ಗೊತ್ತಾಗುತ್ತಿರಲಿಲ್ಲ. ಕೆಲವು ವಾರ ಹಠ ಹಿಡಿದು ಕೂತೆ. ಆಮೇಲೆ ತಂಬೂರಿಗೆ ಗವಸು ಹಾಕಿ, ಕೋಟುಗಳನ್ನು ನೇತುಹಾಕುವ ಕಪಾಟಿನೊಳಗೆ ನಿಲ್ಲಿಸಿ ಬಾಗಿಲು ಹಾಕಿದೆ. ಕೇಳಿದವರಿಗೆಲ್ಲ ಹೊತ್ತು ಸಿಗುತ್ತಿಲ್ಲ ಎಂದೆ. ಇನ್ನು ಮೇಲೆ ಹಾಡಲಿಕ್ಕೆ ಆಗುವುದಿಲ್ಲ ಎಂಬ ಹೆದರಿಕೆಯನ್ನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಪಕ್ಕದ ಮನೆಯ ಗ್ಯಾರೇಜಿನಿಂದ ಇನ್ನೊಂದು ಸದ್ದು ಶುರುವಾಯಿತು. ಅಲ್ಲಿರುವುದು ಬಿಳಿಯ ಗಡ್ಡದ ಒಬ್ಬ ಹಿರಿಯರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮ ಮನೆಯೊಳಗೆ ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ಬೇಲಿಯ ಆಚೆಯಿಂದ ಕೈಯೆತ್ತುವಷ್ಟು ಪರಿಚಯ ಅಷ್ಟೇ. ಅವರ ಗ್ಯಾರೇಜಿನಿಂದ ಉದ್ದುದ್ದ ಎಳೆಯುವ, ತಾಳವಿಲ್ಲದ, ಹಾಡೂ ಅಲ್ಲದ ಏನೋ ಒಂದು ರಜೆಯ ದಿನ ಮಧ್ಯಾಹ್ನವಿಡೀ ಬರತೊಡಗಿತು. ನನ್ನ ಕಿವಿಯಲ್ಲಿ ಇರುವುದು ಸಾಲದೆ ಇದೊಂದು ಬೇರೆ ಎಂದು ತಲೆ ಚಿಟ್ಟುಹಿಡಿಯಿತು.

ಒಂದು ಶನಿವಾರ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಸೋಫಾದ ಮೇಲಿದ್ದ ಮನೆಯವರು, ‘ಎಲ್ಲಿಗೇ?’ ಎಂದರು. ಅವರು ಮೈಸೂರಿನವರು, ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಜಗಳ ಅಂದರೆ ಮೈಲಿ ದೂರ.

‘ಕಾಕಾಗ ಎರಡು ಮಾತು ಹೇಳಿ ಬರ್ತೀನಿ.’

‘ಬೇಡ ಕಣೇ. ಒಂದು ಮೆಸೇಜ್ ಹಾಕಿದ್ರೆ ಸಾಕು.’

‘ಮೆಸೇಜಿನ್ಯಾಗ ಸಿಟ್ಟು ಕಾಣಸೂದಿಲ್ಲ ರೀ,’ ಎಂದು ಹೇಳಿ ಹೋದೆ.

ಗ್ಯಾರೇಜಿನ ಬಾಗಿಲು ಅರ್ಧ ಮೇಲಕ್ಕೇರಿತ್ತು. ಒಳಗೆ ಕಾಕಾ ಒಂದು ಸಣ್ಣ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಸಾಲಾಗಿ ತಂತಿಗಳು, ಕೆಳಗೆ ಹೊಲಿಗೆ ಯಂತ್ರದ ಹಾಗೆ ಪೆಡಲುಗಳು. ಎಡಗೈಯಲ್ಲಿ ಒಂದು ಉಕ್ಕಿನ ಗುಂಡುಕಡ್ಡಿ ಹಿಡಿದು ತಂತಿಗಳ ಮೇಲೆ ಜಾರಿಸುತ್ತಿದ್ದರು. ಕಣ್ಣು ಮುಚ್ಚಿದ್ದವು. ಅವರು ತಂತಿ ಮೀಟಿದ್ದು ಕಾಣುತ್ತಿತ್ತು, ಆದರೆ ಮೀಟಿದ ಸದ್ದು ಕೇಳುತ್ತಿರಲಿಲ್ಲ. ಸ್ವರ ಎಲ್ಲಿಂದಲೋ ಆಗಲೇ ಹೊರಟು ಬಂದ ಹಾಗೆ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಮೆಟ್ಟಿಲೇ ಇರಲಿಲ್ಲ. ನಮ್ಮ ಕಡೆಯ ಒಳ್ಳೆಯ ಗಾಯಕರು ತೆಗೆಯುವ ಮೀಂಡಿನ ಹಾಗೆ ಜಾರಿಕೊಂಡೇ ಹೋಗುತ್ತಿತ್ತು.

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಏನೋ ಕಡಿಮೆಯಾದ ಹಾಗಿತ್ತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕಿವಿಯೊಳಗಿನ ಕುಕ್ಕರ್ ನಿಂತಿತ್ತು. ನಿಜವಾಗಿ ನಿಂತಿರಲಿಲ್ಲ, ಆ ಉದ್ದ ಸ್ವರಗಳ ಹಿಂದೆ ಎಲ್ಲೋ ಅಡಗಿತ್ತು. ಬೇಲಿಯ ಆಚೆ ಕೂತು ಸಿಟ್ಟಿನಿಂದ ಕೇಳಿದಾಗ ಇಲ್ಲದ ಈ ಗುಣ, ಎದುರು ನಿಂತು ಕೇಳಿದಾಗ ಇತ್ತು. ತಿಂಗಳುಗಟ್ಟಲೆ ಆದಮೇಲೆ ನನ್ನ ಭುಜ ಕೆಳಗಿಳಿದದ್ದು ನನಗೇ ಗೊತ್ತಾಯಿತು.

ಕಾಕಾ ಕಣ್ಣು ತೆರೆದು ಗಾಬರಿಯಾದರು. ಜೋರಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ಇದೇನು ಬಾರಿಸುತ್ತಿದ್ದೀರಿ ಎಂದು ಕೇಳಿದೆ. ಇದಕ್ಕೆ ಪೆಡಲ್ ಸ್ಟೀಲ್ ಗಿಟಾರ್ ಅನ್ನುತ್ತಾರೆ, ಸಂಗೀತ ಕಂಟ್ರಿ, ಇಲ್ಲಿಯ ಹಳ್ಳಿಗಾಡಿನದು, ಎಂದು ಹೇಳಿ ಸ್ವಲ್ಪ ಯೋಚಿಸಿ, ಹಾಡನ್ನು ತೆಗೆದುಹಾಕಿದ ಕಂಟ್ರಿ, ಎಂದರು. ಈಗ ಹುಡುಗರು ಅದನ್ನು ಆಂಬಿಯೆಂಟ್ ಕಂಟ್ರಿ ಅಂತಾರಂತೆ. ಸುಮ್ಮನೆ ಕೋಣೆಯ ಗಾಳಿಯಂತೆ ಇರುವ ಸಂಗೀತ. ಇನ್ನೂ ಸ್ವಲ್ಪ ಬಾರಿಸಿ ಎಂದು ಅಲ್ಲೇ ಇದ್ದ ಬಣ್ಣದ ಡಬ್ಬಿಯ ಮೇಲೆ ಕೂತೆ.

ಮನೆಗೆ ಬಂದಾಗ ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ‘ಏನಾಯ್ತು? ತುಂಬಾ ಬೈದ್ಯಾ?’

‘ಇಲ್ರೀ. ಭಾಳ ಛಲೋ ಬಾರಸ್ತಾರ. ಜವಾರಿ ಸಂಗೀತ.’

‘ಜವಾರಿನಾ? ಅದು ಬದನೆಕಾಯಿ ಅಲ್ವಾ?’

‘ಕಂಟ್ರಿಗೆ ಜವಾರಿ ಅನ್ನದ ಮತ್ತೇನಂತಾರ?’

‘ನಾಟಿ ಅಂತಾರೆ. ನಾಟಿ ಟೊಮೆಟೊ, ನಾಟಿ ಕೊತ್ತಂಬರಿ. ಹಾಗೇ ನಾಟಿ ಸಂಗೀತ.’

‘ನಾಟಿ ಅಂದ್ರ ಭತ್ತದ ಸಸಿ ಹಚ್ಚೂದು. ಸುಮ್ನ ಕೂಡ್ರಿ.’

ಮೇಲಿನಿಂದ ಮಗಳು ಕೂಗಿದಳು. ‘ಅಮ್ಮಾ, ಇಟ್ಸ್ ಜಸ್ಟ್ ಕಂಟ್ರಿ!’ ನಾವು ಕನ್ನಡದಲ್ಲಿ ಜಗಳಾಡಿದರೆ ಇಂಗ್ಲಿಷಿನಲ್ಲಿ ತೀರ್ಪು ಕೊಡುವುದು ಅವಳ ಪದ್ಧತಿ.

ಆದರೆ ನನ್ನ ತಲೆಯಲ್ಲಿ ಆ ಪದ ಕೂತುಬಿಟ್ಟಿತು. ನಮ್ಮ ಕಡೆ ಜವಾರಿ ಅಂದರೆ ಊರಿನದು, ಮಣ್ಣಿನದು, ಹೈಬ್ರಿಡ್ ಅಲ್ಲದ್ದು. ತಂಬೂರಿಗೂ ಒಂದು ಜವಾರಿ ಇದೆ. ತಂತಿಯು ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊರುವ ಪುಟ್ಟ ಪಟ್ಟಿಯ ಮೇಲೆ ಕೂರುವ ಜಾಗದಲ್ಲಿ, ತಂತಿಯ ಕೆಳಗೆ ಹತ್ತಿಯ ಒಂದು ಸಣ್ಣ ದಾರ ಸೇರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತೇವೆ. ಸರಿಯಾದ ಜಾಗಕ್ಕೆ ದಾರ ಬಂತೆಂದರೆ ತಂತಿ ದುಂಬಿಯ ಹಾಗೆ ಝೇಂಕರಿಸುತ್ತದೆ. ಅದಕ್ಕೆ ಜವಾರಿ ಬಿಟ್ಟಿತು ಅನ್ನುತ್ತೇವೆ. ಬದನೆಕಾಯಿಯ ಜವಾರಿ, ತಂಬೂರಿಯ ಜವಾರಿ ಒಂದೇ ಪದವೋ, ಬೇರೆ ಬೇರೆ ಊರಿನಿಂದ ಬಂದು ಒಂದೇ ಬಸ್ಸು ಹತ್ತಿದ ಪದಗಳೋ, ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಬಹುದು.

ಆಮೇಲೆ ಶನಿವಾರದ ಮಧ್ಯಾಹ್ನಗಳು ಗ್ಯಾರೇಜಿಗೆ ಮೀಸಲಾದವು. ನಾನು ಚಹಾ, ಚುರುಮುರಿ ಒಯ್ಯುತ್ತಿದ್ದೆ. ಕಾಕಾ ಬಾರಿಸುತ್ತಿದ್ದರು, ನಡುನಡುವೆ ಹಳೆಯದನ್ನು ಹೇಳುತ್ತಿದ್ದರು. ಹವಾಯಿ ದ್ವೀಪದವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಲೋಹದ ತುಂಡಿನಿಂದ ಜಾರಿಸಿ ಬಾರಿಸಲು ಶುರುಮಾಡಿದರಂತೆ. ಅದು ಈ ದೇಶದ ಹಳ್ಳಿಹಾಡುಗಾರರ ಕೈಗೆ ಬಂದು, ಕಾಲು ಬಂದು, ಪೆಡಲು ಬಂದು ಹೀಗಾಯಿತಂತೆ. ಕಾಕಾ ವಾರವೆಲ್ಲ ಬಸ್ಸು ಓಡಿಸಿ, ವಾರದ ಕೊನೆಗೆ ಮರ ಕಡಿಯುವವರ ಊರುಗಳ ಡ್ಯಾನ್ಸ್ ಹಾಲುಗಳಲ್ಲಿ ಬ್ಯಾಂಡಿನ ಹಿಂದೆ ಕೂತು ಇದನ್ನು ಬಾರಿಸಿದವರು.

‘ಸ್ಟೀಲ್ ಬಾರಿಸುವವನಿಗೆ ಒಂದೇ ನಿಯಮ,’ ಎಂದರು ಒಮ್ಮೆ. ‘ಹಾಡುವವಳು ಹಾಡುವಾಗ ಅಡ್ಡ ಬರಬಾರದು. ಅವಳು ಉಸಿರು ತೆಗೆದುಕೊಳ್ಳುತ್ತಾಳಲ್ಲ, ಆ ಜಾಗ ಮಾತ್ರ ನಿನ್ನದು. ಅಲ್ಲಿ ಬಾರಿಸು, ಅವಳು ಬಾಯಿ ತೆರೆಯುವ ಮುಂಚೆ ಹೊರಗೆ ಬಾ.’

ಹಾಗಾದರೆ ಹಾಡನ್ನೇ ತೆಗೆದುಹಾಕಿದ್ದು ಹೇಗೆ ಎಂದು ಕೇಳಿದೆ. ಬೆಟ್ಟದ ಆಚೆಯ ಊರುಗಳಲ್ಲಿ ಬಾರಿಸಿ ಭಾನುವಾರ ಬೆಳಗ್ಗೆ ವಾಪಸು ಬರುವಾಗ ಕಾರಿನಲ್ಲಿ ಆ ಕಡೆಯ ರೇಡಿಯೋ ಹಾಕಿರುತ್ತಿದ್ದರಂತೆ. ಘಾಟಿ ಹತ್ತತೊಡಗಿದರೆ ಸ್ಟೇಷನ್ ಕ್ಷೀಣವಾಗುತ್ತಿತ್ತು. ಮೊದಲು ಹಾಡಿನ ಮಾತುಗಳು ಹೋಗುತ್ತಿದ್ದವು, ಆಮೇಲೆ ತಾಳ. ಎಲ್ಲ ಹೋದಮೇಲೂ ಕರಕರದ ನಡುವೆ ಸ್ಟೀಲಿನ ಎಳೆತ ಮಾತ್ರ ಆಗಾಗ ತೇಲಿ ಬರುತ್ತಿತ್ತು. ಜೊತೆಯವರು ಸ್ಟೇಷನ್ ಬದಲಿಸಲು ಹೋದರೆ ಕಾಕಾ ಬಿಡುತ್ತಿರಲಿಲ್ಲವಂತೆ. ಅವರಿಗೆ ಹಾಡಿಗಿಂತ ಹಾಡು ಹೋದಮೇಲೆ ಉಳಿದದ್ದೇ ಹೆಚ್ಚು ಹಿಡಿಸಿತು. ತಾಳ ಬೇಡ, ಮಾತು ಬೇಡ ಎಂದು ಬಾರಿಸುವ ಆಂಬಿಯೆಂಟಿನವರು ಬೇರೆ ಕಡೆ ಬೆಳೆದರು, ಅವರಲ್ಲಿ ಕೆಲವರಿಗೆ ಸ್ಟೀಲಿನ ರುಚಿ ಹತ್ತಿತು, ಎರಡೂ ಕೂಡಿಕೊಂಡವು ಎಂದರು. ತಾವು ಮಾತ್ರ ಇದನ್ನು ಘಾಟಿಯಲ್ಲೇ ಕಲಿತದ್ದು ಎಂದು ನಕ್ಕರು.

ನಮ್ಮಲ್ಲಿ ಹಾಡು ಶುರುವಾಗುವ ಮುಂಚೆಯೇ ಶುರುವಾಗಿ, ಹಾಡು ಮುಗಿದ ಮೇಲೆ ಮುಗಿಯುವ ವಾದ್ಯ ಒಂದಿದೆ ಎಂದು ನಾನು ಹೇಳಿದೆ. ಅದಕ್ಕೆ ಹಾಡೂ ಇಲ್ಲ, ತಾಳವೂ ಇಲ್ಲ, ಯಾರೂ ಅದರತ್ತ ನೋಡುವುದೂ ಇಲ್ಲ. ಕಾಕಾನ ಕಣ್ಣು ಅರಳಿತು. ತೋರಿಸು ಎಂದರು. ಬಾಯಿಬಿಟ್ಟು ಸಿಕ್ಕಿಹಾಕಿಕೊಂಡೆ ಅನ್ನಿಸಿತು. ಆದರೂ ಮುಂದಿನ ಶನಿವಾರ ಮನೆಗೆ ಕರೆದೆ.

ಕೋಟುಗಳ ನಡುವಿನಿಂದ ತಂಬೂರಿಯನ್ನು ಹೊರಗೆ ತಂದು, ಗವಸು ತೆಗೆದು ಜಮಖಾನೆಯ ಮೇಲೆ ಮಲಗಿಸಿ, ಕಾಕಾನ ಮುಂದೆ ಚುರುಮುರಿ ಇಟ್ಟು ಚಹಾ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಕಾಕಾ ಜೇಬಿನ ಕರವಸ್ತ್ರದಿಂದ ಅದರ ಧೂಳೆಲ್ಲ ಒರೆಸಿದ್ದರು. ಮೈ ಹೊಳೆಯುತ್ತಿತ್ತು. ‘ತಂತಿಗಳ ಕೆಳಗೆ ದಾರದ ಕಸ ಸಿಕ್ಕಿಕೊಂಡಿತ್ತು. ಎಲ್ಲವನ್ನೂ ತೆಗೆದುಬಿಟ್ಟೆ,’ ಎಂದು ಅಂಗೈ ಚಾಚಿ ತೋರಿಸಿದರು. ಅಂಗೈಯಲ್ಲಿ ಉಂಡೆಗಟ್ಟಿದ ನಾಲ್ಕು ಎಳೆ ಇದ್ದವು. ನನ್ನ ಗುರುಗಳು ತಮ್ಮ ಕೈಯಿಂದ ಕೂಡಿಸಿದ್ದ ಜವಾರಿ ದಾರಗಳು ಅವು.

‘ಅಯ್ಯೋ ಕಾಕಾ, ಏನ್ ಮಾಡಿದ್ರಿ!’ ಎಂದು ಕನ್ನಡದಲ್ಲೇ ಚೀರಿದೆ. ಅವರಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಪೆಚ್ಚಾಗಿ ಕೈ ಹಾಗೇ ಚಾಚಿಕೊಂಡು ಕೂತರು. ನಾನು ತಂತಿ ಮೀಟಿದೆ. ಬಟ್ಟೆ ಒಣಹಾಕುವ ತಂತಿಯನ್ನು ಮೀಟಿದ ಹಾಗೆ ಠಪ್ ಅಂದಿತು. ಆಗ ನನಗೆ ಅಳು ಬಂತು. ದಾರಕ್ಕಾಗಿ ಬಂದ ಅಳುವಲ್ಲ ಅದು. ತಿಂಗಳುಗಳಿಂದ ತಡೆದದ್ದು ದಾರದ ನೆಪದಲ್ಲಿ ಹೊರಗೆ ಬಂತು.

ಮನೆಯವರು ಓಡಿ ಬಂದರು. ‘ಜೀವಾಳ ತೆಗೆದುಬಿಟ್ರಾ?’ ಎಂದರು. ನಾವು ಜವಾರಿ ಅನ್ನುವುದಕ್ಕೆ ಮೈಸೂರಿನ ಕಡೆ ಜೀವಾಳ ಅನ್ನುತ್ತಾರೆ. ಇಷ್ಟು ವರ್ಷ ಆ ಪದಕ್ಕೂ ಅವರ ಜೊತೆ ಜಗಳಾಡಿದ್ದೆ. ಆವತ್ತು ಮಾತ್ರ ಅದೇ ಸರಿಯಾದ ಪದ ಅನ್ನಿಸಿತು. ಅವರು ಹೊಲಿಗೆಯ ದಾರ ತಂದರು, ದಪ್ಪವಾಯಿತು. ಕಾಕಾ ತಮ್ಮ ಮನೆಗೆ ಹೋಗಿ ಮೀನು ಹಿಡಿಯುವ ನೂಲು, ಹಲ್ಲಿನ ಸಂದು ತಿಕ್ಕುವ ನೂಲು ಎಲ್ಲ ತಂದರು, ಜಾರಿದವು. ಕೊನೆಗೆ ಮನೆಯವರು ಅಡುಗೆಮನೆಯ ಡ್ರಾಯರ್ ಎಳೆದು ಒಂದು ಬಿಳಿಯ ಸಿಂಬಿ ತಂದರು. ಇಂಡಿಯನ್ ಅಂಗಡಿಯಿಂದ ತರುವ ಸೋನಾ ಮಸೂರಿ ಅಕ್ಕಿ ಚೀಲದ ಬಾಯಿಯ ಹೊಲಿಗೆ ಅದು. ಸರಿಯಾದ ತುದಿ ಸಿಕ್ಕರೆ ಸರ್ರನೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನು ಎಸೆಯದೆ ಸುತ್ತಿಡುವ ನನ್ನ ಚಟಕ್ಕೆ ಮಗಳು ಯಾವಾಗಲೂ ನಗುತ್ತಾಳೆ. ಅದರ ಎಳೆಗಳನ್ನು ಬಿಡಿಸಿ ಒಂದೊಂದು ತಂತಿಯ ಕೆಳಗೂ ತೂರಿಸಿ, ಉಸಿರು ಬಿಗಿಹಿಡಿದು ಸರಿಸಿದೆ. ಝೇಂಕಾರ ಹೊರಟಿತು. ಕಾಕಾ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು, ಬುರುಡೆಗೆ ಕಿವಿ ಹಚ್ಚಿದರು.

‘ಇದರ ಹೆಸರೇನು?’ ಎಂದು ಕೇಳಿದರು. ಜವಾರಿ ಎಂದೆ. ಅರ್ಥ ಕೇಳಿದರು. ನಮ್ಮ ಭಾಷೆಯಲ್ಲಿ ಕಂಟ್ರಿಗೂ ಇದೇ ಪದ ಎಂದೆ. ಅವರು ಎಷ್ಟು ಹೊತ್ತು ನಕ್ಕರೆಂದರೆ ಗಡ್ಡದಲ್ಲಿ ಸಿಕ್ಕಿದ್ದ ಚುರುಮುರಿಯೆಲ್ಲ ಉದುರಿತು.

ಹಾಡು ಎಂದರು ಆಮೇಲೆ. ಆಗುವುದಿಲ್ಲ ಎಂದೆ. ಏಕೆ ಎಂದು ಅವರು ಕೇಳಲಿಲ್ಲ, ಆದರೆ ನಾನೇ ಹೇಳಿದೆ. ಕಿವಿಯ ಸದ್ದು, ಕಾಳಿ ಐದಕ್ಕೆ ಅದು ಸೇರದೆ ಉಜ್ಜುವುದು, ಕಪಾಟು, ಹೆದರಿಕೆ, ಎಲ್ಲವನ್ನೂ ಹೇಳಿದೆ. ಪಕ್ಕದಲ್ಲಿದ್ದ ಮನೆಯವರು ನೆಲ ನೋಡುತ್ತ ಕೂತಿದ್ದರು. ಹೊತ್ತಿಲ್ಲ ಎಂಬ ನನ್ನ ಮಾತನ್ನು ಅವರು ಎಂದೂ ನಂಬಿರಲಿಲ್ಲ ಎಂದು ಆಗ ತಿಳಿಯಿತು.

ಕಾಕಾ ಗಡ್ಡ ತುರಿಸಿಕೊಂಡು, ಆ ಸದ್ದು ಎಲ್ಲಿದೆ ಎಂದು ಕೇಳಿದರು. ಕಿವಿಯಲ್ಲಿ ಎಂದೆ. ‘ಅದಲ್ಲ. ಯಾವ ಸ್ವರದಲ್ಲಿದೆ? ನನ್ನದರಲ್ಲಿ ಮೆಟ್ಟಿಲಿಲ್ಲ. ಎಲ್ಲಿ ಬೇಕಾದರೂ ನಿಲ್ಲಬಹುದು. ಹುಡುಕೋಣ ಬಾ.’

ತಂಬೂರಿಯನ್ನು ಮನೆಯವರು ಹೊತ್ತುಕೊಂಡರು. ಮೂವರೂ ತುಂತುರು ಮಳೆಯಲ್ಲಿ ಬೇಲಿ ಸುತ್ತಿ ಗ್ಯಾರೇಜಿಗೆ ಹೋದೆವು. ಕಾಕಾ ಕೂತು, ಸಣ್ಣ ತಂತಿಯ ಮೇಲೆ ಕಡ್ಡಿಯನ್ನು ಮೇಲಕ್ಕೆ ಜಾರಿಸುತ್ತ ಹೋದರು. ಇನ್ನೂ ಮೇಲೆ, ಇನ್ನೂ ಮೇಲೆ ಎಂದು ನಾನು ಕೈಸನ್ನೆ ಮಾಡಿದೆ. ದಾಟಿಹೋಯಿತು, ಹಿಂದಕ್ಕೆ ಬಂದರು. ಎಳ್ಳಷ್ಟು ಈಚೆ. ಎಳ್ಳಷ್ಟು ಆಚೆ. ಆಮೇಲೆ ನಾನು ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದೆ.

ಅದೇ. ಒಳಗಿನದೂ ಹೊರಗಿನದೂ ಒಂದೇ ಆಗಿತ್ತು. ಸ್ಟೀಲಿನ ಸ್ವರ ಸಣ್ಣಗೆ ಕೋಣೆಯಲ್ಲಿ ನಿಂತಿತ್ತು.

‘ಇದಾ?’ ಎಂದರು ಮನೆಯವರು. ‘ಇಷ್ಟು ದಿನ ಇದನ್ನೇ ಕೇಳಿಸಿಕೊಳ್ತಾ ಇದ್ಯಾ?’

ಹೌದು ಎಂದು ತಲೆ ಆಡಿಸಿದೆ. ಡಾಕ್ಟರಿಗೂ ಯಂತ್ರಕ್ಕೂ ಕೇಳಿಸದ, ನನ್ನೊಬ್ಬಳ ತಲೆಯೊಳಗೇ ಇದ್ದ ಆ ಸದ್ದನ್ನು ಇನ್ನಿಬ್ಬರು ನನ್ನ ಜೊತೆ ಕೂತು ಕೇಳುತ್ತಿದ್ದರು. ಅದರಷ್ಟು ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ.

ಕಾಕಾ ಅದೇ ಸ್ವರವನ್ನು ಸಪ್ತಕ ಸಪ್ತಕವಾಗಿ ಕೆಳಗೆ ಇಳಿಸಿಕೊಂಡು ಬಂದರು. ನನ್ನ ಗಂಟಲಿಗೆ ಎಟುಕುವ ಎತ್ತರಕ್ಕೆ ಬಂದಾಗ ನೋಡಿದರೆ, ಅದು ಕಾಳಿ ಐದಕ್ಕಿಂತ ಸ್ವಲ್ಪವೇ ಮೇಲಿತ್ತು. ಯಾವ ಹಾರ್ಮೋನಿಯಮ್ಮಿನ ಯಾವ ಮನೆಯೂ ಅಲ್ಲದ ಜಾಗ. ಇಷ್ಟು ದಿನ ನಾನು ಕಿವಿಯ ಸದ್ದನ್ನು ತಂಬೂರಿಗೆ ಸೇರು ಎಂದು ಗದರಿಸುತ್ತಿದ್ದೆ. ತಂಬೂರಿಯನ್ನೇ ಅದರ ಬಳಿಗೆ ಸರಿಸಬಹುದು ಎಂದು ಹೊಳೆದಿರಲಿಲ್ಲ. ಗುರುಗಳು ಕೊಟ್ಟ ಶ್ರುತಿ, ಅದನ್ನು ಮುಟ್ಟುವುದುಂಟೇ? ಆದರೂ ಬಿರಡೆ ತಿರುಗಿಸಿದೆ. ಒಂದೊಂದೇ ತಂತಿ ಮೇಲೇರಿತು. ದಾರಗಳನ್ನು ಮತ್ತೆ ಸರಿಸಿದೆ. ಜವಾರಿ ಬಿಟ್ಟಿತು. ನಾಲ್ಕು ತಂತಿಗಳ ಝೇಂಕಾರದ ತುತ್ತತುದಿಯಲ್ಲಿ ನನ್ನ ಕಿವಿಯ ಸದ್ದು ಹೋಗಿ ಕೂತಿತು, ಅಲ್ಲಿ ಅದಕ್ಕೊಂದು ಜಾಗ ಕಾದಿಟ್ಟಿದ್ದ ಹಾಗೆ.

ಷಡ್ಜ ಹಿಡಿದೆ. ತಿಂಗಳುಗಟ್ಟಲೆ ಹಾಡದ ಗಂಟಲು, ಮೊದಲು ಒಡೆಯಿತು. ಮತ್ತೆ ಹಿಡಿದೆ, ನಿಂತಿತು. ಮಾತುಗಳಿಲ್ಲದೆ, ಬರೀ ‘ಆ’ಕಾರದಲ್ಲಿ ಭೂಪ್ ರಾಗದ ಐದು ಸ್ವರಗಳನ್ನು ಹಾಡಿದೆ. ಮನೆಯವರು ಪಿಸುಮಾತಿನಲ್ಲಿ, ‘ಮೋಹನ,’ ಎಂದರು. ಭೂಪಿಗೆ ಅವರ ಕಡೆಯ ಹೆಸರು ಅದು. ಅದಕ್ಕೂ ಜಗಳಾಡಲಿಲ್ಲ. ಕಾಕಾನಿಗೆ ಆ ಸ್ವರಗಳು ತಮ್ಮ ಡ್ಯಾನ್ಸ್ ಹಾಲುಗಳ ಹಾಡುಗಳಿಂದಲೇ ಗುರುತಿದ್ದವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಕಡ್ಡಿಯನ್ನು ತಂತಿಯ ಮೇಲಿಟ್ಟುಕೊಂಡು, ಬಾರಿಸದೆ, ತಲೆ ಬಗ್ಗಿಸಿ ಕೇಳುತ್ತಿದ್ದರು.

ಕಿವಿಯ ಸದ್ದು ಇವತ್ತಿಗೂ ಇದೆ. ಈಗ ದಿನಾ ಬೆಳಗ್ಗೆ ಅದಕ್ಕೇ ತಂಬೂರಿ ಕೂಡಿಸುತ್ತೇನೆ, ಶ್ರುತಿ ಹುಡುಕುವ ಯಂತ್ರವೂ ಬೇಡ. ಮೊನ್ನೆ ಡಾಕ್ಟರು, ಸದ್ದು ಇನ್ನೂ ಇದೆಯೇ ಎಂದು ಕೇಳಿದಾಗ, ಇದೆ, ಕೆಲಸ ಮಾಡುತ್ತಿದೆ, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಪ್ಲಾಸ್ಟಿಕ್ ಕಿವಿಯ ಮೇಲೆ ನನಗೀಗ ಸಿಟ್ಟಿಲ್ಲ.

ಆ ಶನಿವಾರ ಹಾಡುತ್ತ ಹಾಡುತ್ತ ಒಂದು ಕಡೆ ನನ್ನ ಉಸಿರು ಮುಗಿಯಿತು. ರೂಢಿ ತಪ್ಪಿದ ಎದೆ, ಸ್ವರ ನಡುವೆಯೇ ತುಂಡಾಗಿ ನಿಂತೆ. ನಿಂತೆ ಅನ್ನುವಷ್ಟರಲ್ಲಿ ಕಾಕಾನ ಸ್ಟೀಲು ಸದ್ದಿಲ್ಲದೆ ಒಳಗೆ ಬಂದು ನಾನು ಬಿಟ್ಟ ಸ್ವರವನ್ನು ಎತ್ತಿಕೊಂಡಿತು. ನಾನು ಎದೆ ತುಂಬ ಉಸಿರು ಎಳೆದುಕೊಂಡೆ. ಮತ್ತೆ ಬಾಯಿ ತೆರೆಯುವ ಮುಂಚೆ ಸ್ಟೀಲು ಹೊರಗೆ ಹೋಗಿತ್ತು.